ಎಂಟನೆಯ ದಿನ

ಚಾಮರಾಜನಗರಕ್ಕೆ ಬಂದ ಪ್ರವಾಸಿಗರು ಚಾಮರಾಜೇಶ್ವರನ ದರ್ಶನ ಪಡೆದು, ಗೋಪುರವನ್ನೊಮ್ಮೆ ಕತ್ತೆತ್ತಿ ನೋಡಿ, ಬಸ್ಸು ಹಿಡಿಯುವುದು ವಾಡಿಕೆ. ಆ ದೇವಾಲಯವನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ತಮ್ಮ ತಂದೆಯ ಹೆಸರಿನಲ್ಲಿ ಕಟ್ಟಿಸಿದರು. ಅದೇ ಊರಿನಲ್ಲಿ ಇನ್ನೊಂದು ಸ್ಮಾರಕವಿದೆ. ಜನನ ಮಂಟಪವೆಂದು ಅದರ ಹೆಸರು. ಖಾಸಾ ಚಾಮರಾಜ ಒಡೆಯರು ಹುಟ್ಟಿದ ಸ್ಥಳವೆಂದು ಮಗನು ಅದನ್ನು ಕಾಪಾಡಿದನು. ಅರಿಕುಠಾರವೆಂದು ಕರೆಯಿಸಿಕೊಳ್ಳುತ್ತಿದ್ದ ಊರಿಗೆ 1818ರಲ್ಲಿ ಚಾಮರಾಜನಗರವೆಂಬ ಹೆಸರನ್ನಿಟ್ಟವನೂ ಆತನೇ. ತಂದೆಗಾಗಿ ಊರಿನ ಹೆಸರು, ತಂದೆಗಾಗಿ ಗುಡಿ, ತಂದೆಗಾಗಿ ಮಂಟಪ! ಇಷ್ಟೆಲ್ಲ ಪ್ರೀತಿಯನ್ನು ತೋರಿದ ಮಗನಿಗೆ ತಂದೆಯ ಮುಖದ ನೆನಪಾದರೂ ಇದ್ದಿತೇ ಎಂದು ಕೇಳಿದರೆ, ಇರಲು ಸಾಧ್ಯವಿರಲಿಲ್ಲ ಎಂದೇ ಹೇಳಬೇಕಾಗುತ್ತದೆ.

ಖಾಸಾ ಚಾಮರಾಜರು ಅರಸರಾದ ಕಥೆ ನಾಡಿಗೆಲ್ಲ ಗೊತ್ತು. 1776ರಲ್ಲಿ ಮೈಸೂರಿನ ಗಾದಿಗೆ ಒಬ್ಬ ಬಾಲಕನನ್ನು ಆರಿಸಬೇಕಾಗಿ ಬಂದಾಗ, ಹೈದರ್ ಅಲಿಯು ರಾಜಬಂಧುಗಳ ಮಕ್ಕಳನ್ನೆಲ್ಲ ಒಂದೆಡೆ ಕೂಡಿಸಿ, ಅವರ ಮುಂದೆ ಬಗೆಬಗೆಯ ಆಟಿಕೆಗಳನ್ನು ಹರಡಿಸಿದನಂತೆ. ಉಳಿದ ಮಕ್ಕಳು ಬಣ್ಣದ ಬೊಂಬೆಗಳಿಗೂ ತಿಂಡಿಗಳಿಗೂ ಮುಗಿಬಿದ್ದರೆ, ಅರಿಕುಠಾರದ ಎರಡು ವರ್ಷದ ಕೂಸು ಕಠಾರಿಯನ್ನು ಕೈಗೆತ್ತಿಕೊಂಡಿತಂತೆ. ಕಠಾರಿ ಹಿಡಿದ ಆ ಕೈಗೆ ರಾಜ್ಯವೇನೋ ದೊರೆಯಿತು, ಅಧಿಕಾರ ದೊರೆಯಲಿಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ, 1796ರ ಏಪ್ರಿಲಿನಲ್ಲಿ, ಶ್ರೀರಂಗಪಟ್ಟಣದಲ್ಲಿ ಆತನು ತೀರಿಕೊಂಡನು. ಕೊಂದದ್ದು ಯುದ್ಧವಲ್ಲ, ಒಳಸಂಚೂ ಅಲ್ಲ, ಸಿಡುಬು. ಆಗ ಮಗನಾದ ಕೃಷ್ಣರಾಜನಿಗೆ ಎರಡು ವರ್ಷವೂ ತುಂಬಿರಲಿಲ್ಲ.

ಅರಮನೆಯ ಗೋಡೆಗಳನ್ನೇ ಲೆಕ್ಕಿಸದ ಬೇನೆ ಗುಡಿಸಲುಗಳನ್ನು ಬಿಟ್ಟೀತೆ? ಇಂಥ ಬೇನೆಯ ಬೆನ್ನುಹತ್ತಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಒಬ್ಬ ವಿದೇಶೀ ಪಾದ್ರಿಯ ಕಥೆ ಇದು. ಆತನು ಬಂದದ್ದು ಆತ್ಮಗಳ ಉದ್ಧಾರಕ್ಕೆಂದು. ಆತನ ಲೆಕ್ಕದ ಪುಸ್ತಕದಲ್ಲಿ ಕೊನೆಗೆ ಉಳಿದ ದೊಡ್ಡ ಅಂಕಿ ಮಾತ್ರ ಬೇರೆಯದೇ ಆಯಿತು.

ಹೆಸರು ಹೇಳಬಾರದ ಬೇನೆ

ನಂಜನಗೂಡನ್ನು ದಾಟಿದರೆ ದಾರಿ ಕವಲೊಡೆಯುತ್ತದೆ. ಒಂದು ಕವಲು ಚಾಮರಾಜನಗರಕ್ಕೆ, ಇನ್ನೊಂದು ಗುಂಡ್ಲುಪೇಟೆಗೆ. ಗುಂಡ್ಲುಪೇಟೆಯಿಂದ ಮುಂದೆ ಒಂದು ಹಾದಿ ಬಂಡೀಪುರದ ಕಾಡಿನ ಮೂಲಕ ನೀಲಗಿರಿಗೆ ಏರಿದರೆ, ಮತ್ತೊಂದು ವಯನಾಡಿನತ್ತ ಹೊರಳುತ್ತದೆ. ವ್ಯಾಪಾರಿಗಳು, ಯಾತ್ರಿಕರು, ದಂಡಿನ ಜನ, ಎತ್ತಿನ ಗಾಡಿಗಳು ಹಾದುಹೋಗುವ ಊರುಗಳಿಗೆ ಸರಕಿನ ಜೊತೆಗೆ ರೋಗವೂ ಬರುತ್ತಿತ್ತು. ಬೇಸಗೆ ಮೊದಲಾದರೆ ತಾಯಂದಿರ ಎದೆ ಅಳುಕುತ್ತಿತ್ತು. ಮಗುವಿನ ಮೈ ಬಿಸಿಯಾಗಿ, ಮೂರನೆಯ ನಾಲ್ಕನೆಯ ದಿನಕ್ಕೆ ಮುಖದ ಮೇಲೆ ಗುಳ್ಳೆ ಕಂಡರೆ, ಮನೆಯಲ್ಲಿ ಯಾರೂ ಆ ರೋಗದ ಹೆಸರನ್ನೆತ್ತುತ್ತಿರಲಿಲ್ಲ. 'ಅಮ್ಮ ಬಂದಿದ್ದಾಳೆ' ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು, ಹಾಸಿಗೆಯ ಸುತ್ತ ಬೇವಿನ ಸೊಪ್ಪು; ಒಗ್ಗರಣೆಯ ಸದ್ದು ಕೇಳಿಸಬಾರದು, ಮನೆಗೆ ಹೊರಗಿನವರು ಬರಬಾರದು. ಊರ ಹೊರಗಿನ ಮಾರಮ್ಮನಿಗೆ ತಂಪು ಮಾಡುವುದೊಂದೇ ಆಗ ಗೊತ್ತಿದ್ದ ಚಿಕಿತ್ಸೆ. ಬದುಕಿದವರ ಮುಖ ಕಲೆಗಟ್ಟುತ್ತಿತ್ತು. ಕೆಲವರ ಕಣ್ಣು ಹೋಗುತ್ತಿತ್ತು. ಬದುಕದವರ ಲೆಕ್ಕವನ್ನು ಇಟ್ಟವರಿಲ್ಲ.

ಬೇನೆಗೆ ದೇವಿಯ ಹೆಸರನ್ನಿಟ್ಟ ಜನರನ್ನು ಮೂಢರೆಂದು ಇಂದು ನಗುವುದು ಸುಲಭ. ಆದರೆ ಯುರೋಪಿನ ರಾಜಧಾನಿಗಳಲ್ಲಿಯೂ ಅಂದಿನ ಸ್ಥಿತಿ ಇದಕ್ಕಿಂತ ಉತ್ತಮವಾಗಿರಲಿಲ್ಲ. 1774ರಲ್ಲಿ, ಅರಿಕುಠಾರದಲ್ಲಿ ಚಾಮರಾಜನು ಹುಟ್ಟಿದ ವರ್ಷದಲ್ಲಿಯೇ, ಫ್ರಾನ್ಸಿನ ದೊರೆ ಹದಿನೈದನೆಯ ಲೂಯಿ ಇದೇ ಸಿಡುಬಿನಿಂದ ಸತ್ತನು.

ಹಸುವಿನ ಕೆಚ್ಚಲಿನಿಂದ ಬಂದ ಮದ್ದು

1796ರ ಏಪ್ರಿಲಿನಲ್ಲಿ ಚಾಮರಾಜನು ಕಣ್ಮುಚ್ಚಿದನಷ್ಟೆ. ಒಂದು ತಿಂಗಳೂ ಕಳೆಯುವ ಮೊದಲೇ, ಮೇ 14ರಂದು, ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಎಡ್ವರ್ಡ್ ಜೆನ್ನರ್ ಎಂಬ ವೈದ್ಯನು ಹಾಲು ಕರೆಯುವ ಹುಡುಗಿಯೊಬ್ಬಳ ಕೈಮೇಲಿನ ಗುಳ್ಳೆಯಿಂದ ರಸವನ್ನು ತೆಗೆದು, ಎಂಟು ವರ್ಷದ ಬಾಲಕನೊಬ್ಬನ ತೋಳಿಗೆ ಹಚ್ಚಿದನು. ಹಸುವಿನ ಕೆಚ್ಚಲಿನಲ್ಲಿ ಏಳುವ ಸೌಮ್ಯವಾದ ಸಿಡುಬು ಮನುಷ್ಯನಿಗೆ ಒಮ್ಮೆ ತಗುಲಿದರೆ ಮಾರಕವಾದ ಸಿಡುಬು ಬಳಿಗೆ ಸುಳಿಯುವುದಿಲ್ಲವೆಂದು ಆತನು ಕಂಡುಕೊಂಡನು. ವಿಧಿಯ ವಿಲಾಸವೆಂದರೆ ಇದೇ ಇರಬೇಕು; ಮದ್ದು ಹುಟ್ಟಿತು, ಆದರೆ ಮೈಸೂರಿನ ಅರಸನ ಪಾಲಿಗೆ ಕೆಲವು ವಾರ ತಡವಾಗಿ, ಸಾವಿರಾರು ಮೈಲಿಗಳಾಚೆ.

ಆ ಮದ್ದನ್ನು ಸೀಸೆಯಲ್ಲಿ ತುಂಬಿ ಕಳುಹಿಸುವಂತಿರಲಿಲ್ಲ. ಅದು ಮನುಷ್ಯನ ತೋಳಿನ ಮೇಲೆ ಮಾತ್ರ ಜೀವದಿಂದಿರುತ್ತಿತ್ತು. ದಾರಕ್ಕೆ ಅದ್ದಿ ಒಣಗಿಸಿ, ಗಾಜಿನ ಹಲ್ಲೆಗಳ ನಡುವೆ ಭದ್ರಪಡಿಸಿ ಕಳುಹಿಸಿ ನೋಡಿದರು. ಉಷ್ಣದೇಶದ ಬಿಸಿಲಿಗೆ ಅದು ಸತ್ತುಹೋಗುತ್ತಿತ್ತು. ಕೊನೆಗೆ ವಿಯೆನ್ನಾ, ಕಾನ್‌ಸ್ಟಾಂಟಿನೋಪಲ್, ಬಾಗ್ದಾದ್, ಬಸ್ರಾ ನಗರಗಳ ದಾರಿಯಾಗಿ, ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ದಾಟುತ್ತ, ಅದು ಮುಂಬಯಿಗೆ ಬಂದು ಸೇರಿತು. 1802ರ ಜೂನ್ 14ರಂದು ಅಲ್ಲಿ ಆನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿನ ತೋಳಿಗೆ ಅದನ್ನು ಹಚ್ಚಿದರು. ಭಾರತದಲ್ಲಿ ಆ ಮದ್ದು ಮೊದಲು ಹತ್ತಿದ್ದು ಆ ಪುಟ್ಟ ತೋಳಿಗೆ. ಅಲ್ಲಿಂದ ಅದು ದೇಶದ ಉದ್ದಗಲಕ್ಕೆ ಹಬ್ಬಿತು.

ದೊಡ್ಡ ಸ್ವಾಮಿಯವರು

ಮದ್ದು ಮೈಸೂರಿಗೆ ಬರುವ ವೇಳೆಗೆ ಶ್ರೀರಂಗಪಟ್ಟಣದ ಬಳಿ ಒಬ್ಬ ಫ್ರೆಂಚ್ ಪಾದ್ರಿ ವಾಸವಾಗಿದ್ದರು. ಹೆಸರು ಝಾನ್ ಆಂತ್ವಾನ್ ದುಬ್ವಾ. ಲೋಕಕ್ಕೆ ಅಬ್ಬೆ ದುಬ್ವಾ. ದಕ್ಷಿಣ ಫ್ರಾನ್ಸಿನ ಆರ್ದೆಶ್ ಪ್ರಾಂತದವರು. ಫ್ರೆಂಚ್ ಮಹಾಕ್ರಾಂತಿಯ ಉರಿ ಎದ್ದಿದ್ದ 1792ರಲ್ಲಿ ಪಾದ್ರಿ ದೀಕ್ಷೆ ಪಡೆದು, ಅದೇ ವರ್ಷ ತಾಯ್ನಾಡನ್ನು ಬಿಟ್ಟು, ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಘದ ಪರವಾಗಿ ಪುದುಚೇರಿಯತ್ತ ಹೊರಟು ಬಂದವರು. 1799ರಲ್ಲಿ ಟೀಪು ಸುಲ್ತಾನನು ಮಡಿದ ಮೇಲೆ, ಚದರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಲೆಂದು ಅವರನ್ನು ಮೈಸೂರು ಸೀಮೆಗೆ ಕಳುಹಿಸಲಾಯಿತು. ಗಂಜಾಮಿನಲ್ಲಿರುವ ಹಳೆಯ ಚರ್ಚಿಗೆ ಇಂದಿಗೂ ಅವರ ಹೆಸರೇ ಅಂಟಿಕೊಂಡಿದೆ.

ವಿದೇಶೀ ಧರ್ಮಪ್ರಚಾರಕರೆಂದೊಡನೆ ಕಣ್ಣ ಮುಂದೆ ನಿಲ್ಲುವ ಚಿತ್ರ ಇವರದಲ್ಲ. ನೀಳವಾದ ಬಿಳಿಯ ಅಂಗಿ, ತಲೆಗೆ ರುಮಾಲು, ಇಳಿಬಿದ್ದ ಗಡ್ಡ, ಕೈಯಲ್ಲೊಂದು ಬೆತ್ತ. ಮಾಂಸಾಹಾರವನ್ನು ತೊರೆದು ಈ ದೇಶದ ಊಟವನ್ನೇ ಉಂಡರು. ಜನರೊಡನೆ ನೆಲದ ಮೇಲೆ ಕುಳಿತು ಅವರ ಭಾಷೆಯಲ್ಲಿಯೇ ಮಾತನಾಡಿದರು. ಜನ ಅವರನ್ನು 'ದೊಡ್ಡ ಸ್ವಾಮಿಯವರು' ಎಂದು ಕರೆದರು. ನೆಲವಿಲ್ಲದ ಕ್ರೈಸ್ತ ಕುಟುಂಬಗಳಿಗಾಗಿ ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ಒಂದು ಬೇಸಾಯದ ನೆಲೆಯನ್ನು ಏರ್ಪಡಿಸಿದವರೂ ಅವರೇ. ಈ ದೇಶದ ನಡೆನುಡಿ, ಆಚಾರ ವಿಚಾರಗಳ ಮೇಲೆ ಅವರು ಬರೆದ ಹಸ್ತಪ್ರತಿಯನ್ನು ಕಂಪನಿ ಸರಕಾರವು 2,000 ವರಹಗಳನ್ನು ಕೊಟ್ಟು ಕೊಂಡುಕೊಂಡಿತು. ಆ ಗ್ರಂಥದ ಬಹುಭಾಗ ಅದಕ್ಕೂ ಹಿಂದಿನ ಕೂರ್ದು ಎಂಬ ಪಾದ್ರಿಯ ಬರವಣಿಗೆಯಿಂದ ಎತ್ತಿಕೊಂಡದ್ದೆಂದು ನಂತರದ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಪುಸ್ತಕದ ಕೀರ್ತಿಯಲ್ಲಿ ಪಾಲು ಕೇಳುವವರುಂಟು. ದಾಕು ಹಾಕಿದ ಕೀರ್ತಿ ಹಾಗಲ್ಲ. ಅದು ಬಿಸಿಲಿನಲ್ಲಿ ನಡೆದು ಗಳಿಸಿದ್ದು.

ಸಂಚಾರದ ಎಂಟನೆಯ ದಿನ

'ದಾಕು ಹಾಕುವುದು' ಎಂಬ ಮಾತು ಮೈಸೂರು ಸೀಮೆಯ ಹಿರಿಯರಿಗೆ ಚೆನ್ನಾಗಿ ಗೊತ್ತು. ಆದರೆ ಅಂದಿನ ದಾಕು ನಮ್ಮ ತಾತಂದಿರು ಕಂಡ ದಾಕಿನಂತಿರಲಿಲ್ಲ. ಅದರ ಕ್ರಮವನ್ನು ತಿಳಿದರೆ ಆ ಸಂಚಾರದ ಕಷ್ಟ ಅರಿವಾಗುತ್ತದೆ.

ಮೊದಲನೆಯ ದಿನ ಮಗುವಿನ ತೋಳಿನ ಮೇಲೆ ಮೊನೆಗತ್ತಿಯಿಂದ ಸಣ್ಣಗೆ ಗೀರಿ ರಸವನ್ನು ಹಚ್ಚುತ್ತಿದ್ದರು. ಎರಡು ದಿನ ಏನೂ ಕಾಣದು. ಮೂರನೆಯ ನಾಲ್ಕನೆಯ ದಿನ ಕೆಂಪಗೆ ಒಂದು ಚುಕ್ಕೆ ಏಳುವುದು. ಐದಾರು ದಿನಗಳಿಗೆ ಅದು ನೀರುಗುಳ್ಳೆಯಾಗುವುದು. ಎಂಟನೆಯ ದಿನ ಆ ಗುಳ್ಳೆ ಮುತ್ತಿನಂತೆ ತುಂಬಿ ನಿಲ್ಲುವುದು. ಅದರೊಳಗಿನ ತಿಳಿಯಾದ ರಸಕ್ಕೆ ಆಗ ಪೂರ್ಣ ಶಕ್ತಿ. ಇನ್ನೆರಡು ಮೂರು ದಿನ ಕಳೆದರೆ ರಸ ಕಲಕಿ ಕೀವಾಗುವುದು. ಮತ್ತೆ ಕೆಲಸಕ್ಕೆ ಬಾರದು. ಆದ್ದರಿಂದ ಎಂಟನೆಯ ದಿನ ಆ ಮಗು ತಪ್ಪದೆ ಮರಳಿ ಬರಬೇಕು. ಬಂದು, ಇನ್ನೂ ಸಿಡುಬು ಕಾಣದ ಬೇರೆ ಮಕ್ಕಳ ಎದುರಿಗೆ ತೋಳು ಚಾಚಿ ಕುಳಿತುಕೊಳ್ಳಬೇಕು. ಅದರ ಗುಳ್ಳೆಯ ರಸ ಆ ಮಕ್ಕಳ ತೋಳಿಗೆ ಸೇರಬೇಕು. ಅವರು ಮತ್ತೆ ಎಂಟು ದಿನಕ್ಕೆ ಬರಬೇಕು. ಹೀಗೆ ತೋಳಿನಿಂದ ತೋಳಿಗೆ ಒಂದು ಸರಪಳಿ.

ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಮುಗಿಯಿತು. ಮದ್ದು ಆ ಸೀಮೆಯಿಂದಲೇ ಇಲ್ಲವಾಗುತ್ತಿತ್ತು. ಮತ್ತೆ ದೂರದ ಊರಿನಿಂದ ಗುಳ್ಳೆಯೆದ್ದ ಮಗುವನ್ನು ಕರೆತಂದು ಮೊದಲಿನಿಂದ ಆರಂಭಿಸಬೇಕು.

ಅಂಥ ಎಂಟನೆಯ ದಿನದ ಒಂದು ಬೆಳಗನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಊರಮುಂದಿನ ಮರದ ನೆರಳು. ಗೋಣಿಚೀಲದ ಮೇಲೆ ಕುಳಿತ ಗಡ್ಡದ ಸ್ವಾಮಿ. ಕಳೆದ ವಾರ ಗೀರು ಹಾಕಿಸಿಕೊಂಡ ಮಕ್ಕಳಲ್ಲಿ ಯಾರು ಬರುತ್ತಾರೆ, ಯಾರು ಬರುವುದಿಲ್ಲ? ಒಬ್ಬಳು ತಾಯಿ ಮಗುವನ್ನು ಸೆರಗಿನಲ್ಲಿ ಮರೆಮಾಡಿಕೊಂಡು ದೂರದಲ್ಲಿಯೇ ನಿಂತಿದ್ದಾಳೆ. ಮಗುವಿಗೆ ರಾತ್ರಿ ಜ್ವರ ಬಂದಿತ್ತು, ಅತ್ತೆ ಬೈದಿದ್ದಾಳೆ. ಇನ್ನೊಬ್ಬನು, 'ನಮ್ಮ ಮಗುವಿನ ರಸ ತೆಗೆದುಕೊಂಡರೆ ಅದರ ಸತ್ವವೇ ಹೋಗುವುದಿಲ್ಲವೆ, ಸ್ವಾಮಿ?' ಎಂದು ಕೇಳುತ್ತಾನೆ. ಮಗುದೊಬ್ಬನಿಗೆ ಯಾರ ಮನೆಯ ಮಗುವಿನ ರಸ ತನ್ನ ಮಗುವಿನ ಮೈಗೆ ಸೇರುವುದೆಂಬ ಚಿಂತೆ. ಒಂದು ಬಾವಿಯ ನೀರನ್ನು ಸೇದಲು ಒಪ್ಪದವರ ಮಕ್ಕಳು ಒಂದೇ ಗುಳ್ಳೆಯ ರಸವನ್ನು ಹಂಚಿಕೊಳ್ಳಬೇಕು! ಎಲ್ಲಕ್ಕಿಂತ ಮಿಗಿಲಾಗಿ ಮಾರಮ್ಮನ ಭಯ. ಅವಳ ಬೇನೆಯನ್ನು ತಡೆಯಲು ಹೊರಟರೆ ಅವಳು ಮುನಿಯದೆ ಬಿಡುವಳೆ?

ಮದ್ದು ಗೋವಿನಿಂದ ಹುಟ್ಟಿದ್ದೆಂದು ಹೇಳಿದರೆ ಜನ ಒಪ್ಪಿಯಾರೆಂದು ಕಂಪನಿಯ ಅಧಿಕಾರಿಗಳು ಬಹಳ ಆಸೆಪಟ್ಟಿದ್ದರು. ವಾದದಿಂದ ಗೆಲ್ಲುವ ಕೆಲಸ ಅದಾಗಿರಲಿಲ್ಲ. ಹಳ್ಳಿಯವರಿಗೆ ಗುರುತಿನ ಮುಖ ಬೇಕಾಗಿತ್ತು. ತಮ್ಮ ಊಟ ಉಂಡವನು, ತಮ್ಮ ಮಾತನಾಡುವವನು, ಕಳೆದ ಎಂಟು ದಿನಗಳಲ್ಲಿ ಓಡಿಹೋಗದೆ ಅಲ್ಲಿಯೇ ಸುತ್ತಿದವನು, ಮಗುವಿಗೆ ಜ್ವರ ಬಂದಾಗ ಕರೆದರೆ ಬರುವವನು. ಅಂಥವನು ಹೇಳಿದರೆ ಒಬ್ಬ ತಾಯಿ ಸೆರಗನ್ನು ಸರಿಸಿಯಾಳು. ದುಬ್ವಾ ಅವರು ಹಲವು ವರ್ಷ ತೊಟ್ಟ ರುಮಾಲು, ಉಂಡ ಸಪ್ಪೆ ಊಟ, ಕಲಿತ ನುಡಿ ಎಲ್ಲವೂ ಫಲ ಕೊಟ್ಟದ್ದು ಆ ಒಂದು ಕ್ಷಣದಲ್ಲಿ.

ಕೊಟ್ಟ ಫಲವೂ ಸಣ್ಣದಲ್ಲ. 1803-04ರ ಅವಧಿಯಲ್ಲಿ ಅವರು ಒಪ್ಪಿಸಿದ ಲೆಕ್ಕದಲ್ಲಿ ದಾಕು ಹಾಕಿಸಿಕೊಂಡವರ ಸಂಖ್ಯೆ 25,432. ಇದನ್ನು ಒಂದು ವರ್ಷದ ಕೆಲಸವೆಂದು ಎಣಿಸಿದರೆ ದಿನವೊಂದಕ್ಕೆ ಹೆಚ್ಚು ಕಡಿಮೆ ಎಪ್ಪತ್ತು ತೋಳು! ರೈಲಿಲ್ಲದ, ಸರಿಯಾದ ರಸ್ತೆಯಿಲ್ಲದ ಕಾಲದಲ್ಲಿ.

ಅರಮನೆಯ ತೋಳು

ಹಳ್ಳಿಯ ತಾಯಿ ಸೆರಗನ್ನು ಸರಿಸಿದ ಹಾಗೆ ಅರಮನೆಯವರೂ ಸರಿಸಬೇಕಾಗಿತ್ತು. ಅಲ್ಲಿಯ ಭಯಕ್ಕೆ ಕಾರಣ ಇನ್ನೂ ಹತ್ತಿರದ್ದು. ಪಟ್ಟದ ಅರಸನೇ ಸಿಡುಬಿಗೆ ಬಲಿಯಾದ ಮನೆ ಅದು. 1799ರ ಜೂನ್ 30ರಂದು ಐದು ವರ್ಷದ ಕೃಷ್ಣರಾಜನಿಗೆ ಪಟ್ಟವಾಯಿತು. ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ಬಾಲಕನ ಹಿಂದೆ ಬೆಟ್ಟದಂತೆ ನಿಂತರು. 1805ರ ಸುಮಾರಿಗೆ ಅವನಿಗೆ ಮದುವೆಯಾಯಿತು. ವಧು ದೇವಾಜಮ್ಮಣ್ಣಿ; ಇಬ್ಬರ ವಯಸ್ಸೂ ಹನ್ನೆರಡರ ಆಸುಪಾಸು.

ಆ ಕಾಲದಲ್ಲಿ ಥಾಮಸ್ ಹಿಕ್ಕಿ ಎಂಬ ಚಿತ್ರಕಾರನು ಮೈಸೂರಿನ ರಾಜಸ್ತ್ರೀಯರ ಒಂದು ವರ್ಣಚಿತ್ರವನ್ನು ಬರೆದನು. ಮೂವರು ಸ್ತ್ರೀಯರು. ಅವರಲ್ಲಿ ಬಲಗಡೆಯ ಕಿರಿಯಳು ಸೀರೆಯ ಸೆರಗನ್ನು ಬೆರಳಿನಿಂದ ಸರಿಸಿ ಎಡತೋಳನ್ನು ತೋರಿಸುತ್ತಿದ್ದಾಳೆ. ಬಹುಕಾಲ ಇದನ್ನು ನರ್ತಕಿಯರ ಚಿತ್ರವೆಂದು ಬಗೆದವರೂ ಇದ್ದರು. ಆ ಕಿರಿಯಳು ರಾಣಿ ದೇವಾಜಮ್ಮಣ್ಣಿಯೆಂದೂ, ಆಕೆ ತೋರಿಸುತ್ತಿರುವುದು ದಾಕು ಹಾಕಿಸಿಕೊಂಡ ಸ್ಥಳವನ್ನೆಂದೂ ಇತಿಹಾಸಕಾರ ನೈಜೆಲ್ ಚಾನ್ಸಲರ್ ಅಭಿಪ್ರಾಯಪಟ್ಟಿದ್ದಾರೆ. ರಾಣಿಯೇ ಹಾಕಿಸಿಕೊಂಡಳೆಂಬ ಸುದ್ದಿ ಹರಡಿದ ಮೇಲೆ ಜನ ತಾವಾಗಿ ಮುಂದೆ ಬಂದರೆಂದು 1806ರ ದಾಖಲೆ ಹೇಳುತ್ತದೆ. ಅರಿಕುಠಾರದ ಅರಸನ ಸೊಸೆ, ತಾನು ಎಂದೂ ಕಾಣದ ಮಾವನನ್ನು ಕೊಂದ ಬೇನೆಗೆ ತನ್ನ ತೋಳಿನಿಂದಲೇ ಉತ್ತರ ಕೊಟ್ಟಳು.

ಮತ್ತೊಂದು ಸ್ವಾರಸ್ಯವೂ ಉಂಟು. ರಾಣಿಯರನ್ನು ಚಿತ್ರಿಸಿದ ಅದೇ ಥಾಮಸ್ ಹಿಕ್ಕಿಯೇ ರುಮಾಲು ಧರಿಸಿ ಬೆತ್ತ ಹಿಡಿದ ಅಬ್ಬೆ ದುಬ್ವಾ ಅವರ ಚಿತ್ರವನ್ನೂ ಬರೆದನು. ಊರಮುಂದಿನ ಮರದ ನೆರಳೂ ಅರಮನೆಯ ಒಳತೊಟ್ಟಿಯೂ ಹೀಗೆ ಒಬ್ಬನೇ ಚಿತ್ರಕಾರನ ಕುಂಚದಲ್ಲಿ ನೆರೆಹೊರೆಯಾದುವು.

ಎರಡು ಲೆಕ್ಕಗಳು

ಇಷ್ಟಾದರೂ ದೊಡ್ಡ ಸ್ವಾಮಿಯವರು ತೃಪ್ತರಾಗಿದ್ದರೆಂದು ಹೇಳಲಾಗದು. ಅವರು ಬಂದ ಕೆಲಸವೇ ಬೇರೆಯಾಗಿತ್ತು. 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅವರು ಮುಚ್ಚುಮರೆಯಿಲ್ಲದೆ ಆ ಲೆಕ್ಕವನ್ನು ಮುಂದಿಟ್ಟಿದ್ದಾರೆ. ಇಪ್ಪತ್ತೈದು ವರ್ಷಗಳ ದುಡಿಮೆಯಲ್ಲಿ, ಈ ದೇಶದ ಒಬ್ಬ ಪ್ರಚಾರಕನ ನೆರವಿದ್ದೂ, ತಾವು ಕ್ರೈಸ್ತಮತಕ್ಕೆ ತಂದವರು ಇನ್ನೂರು ಮುನ್ನೂರರ ನಡುವೆ ಎಂದು ಬರೆದರು. ಅವರಲ್ಲಿಯೂ ಬಹುಪಾಲು ಜನ ಸಮಾಜವು ಹೊರಗಿಟ್ಟವರು, ಹೊಟ್ಟೆಗಿಲ್ಲದವರು ಎಂದರು. ಹಿಂದೂಗಳನ್ನು ಮತಾಂತರಗೊಳಿಸುವ ಪ್ರಯತ್ನ ಸಫಲವಾಗುವ ಸಂಭವವೇ ಇಲ್ಲವೆಂಬ ತೀರ್ಮಾನಕ್ಕೆ ಅವರು ಬಂದಿದ್ದರು. ಸ್ವಂತ ವೃತ್ತಿಯ ಸೋಲನ್ನು ಹೀಗೆ ಅಚ್ಚು ಹಾಕಿಸಿ ಹೇಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಇತರ ಮಿಷನರಿಗಳು ಕೆರಳಿ ಅದಕ್ಕೆ ಉತ್ತರಗಳನ್ನು ಬರೆದರು.

ಒಂದು ಕಡೆ ಇಪ್ಪತ್ತೈದು ವರ್ಷಗಳಿಗೆ ಇನ್ನೂರು ಮುನ್ನೂರು. ಇನ್ನೊಂದು ಕಡೆ ಒಂದೆರಡು ವರ್ಷಗಳಿಗೆ 25,432. ಮೊದಲನೆಯ ಲೆಕ್ಕಕ್ಕಾಗಿ ಅವರು ಸಮುದ್ರವನ್ನು ದಾಟಿದರು. ಎರಡನೆಯದು ದಾರಿಯಲ್ಲಿ ಕೈಗೆ ಬಂದದ್ದು. ಧರ್ಮವನ್ನು ಬದಲಿಸೆಂದಾಗ ದೂರ ಸರಿದ ಜನವೇ, ಮಗುವಿನ ತೋಳನ್ನು ಕೊಡೆಂದಾಗ ಹೆದರುತ್ತ ಹೆದರುತ್ತ ಕೊಟ್ಟರು. ಕೊಟ್ಟ ಮೇಲೂ ಅವರು ಮಾರಮ್ಮನಿಗೆ ತಂಪು ಮಾಡುವುದನ್ನು ಬಿಡಲಿಲ್ಲ. ನಂಬಿಕೆಯನ್ನು ಬಿಡದೆಯೇ ವಿಶ್ವಾಸವನ್ನು ಇಡಬಹುದೆಂದು ಆ ತಾಯಂದಿರು ತೋರಿಸಿಕೊಟ್ಟರು.

1823ರ ಜನವರಿ 15ರಂದು, ಮೂವತ್ತು ವರ್ಷಗಳ ವಾಸವನ್ನು ಮುಗಿಸಿ, ಅಬ್ಬೆ ದುಬ್ವಾ ಭಾರತವನ್ನು ಬಿಟ್ಟು ಹೊರಟರು. ಕಂಪನಿಯು ಅವರಿಗೊಂದು ವಿಶ್ರಾಂತಿವೇತನವನ್ನು ಕೊಟ್ಟಿತು. ಪ್ಯಾರಿಸ್ಸಿನಲ್ಲಿ ತಮ್ಮ ಸಂಘದ ಮುಖ್ಯಸ್ಥರಾದರು. ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಗೆ ತಂದು 1826ರಲ್ಲಿ ಪ್ರಕಟಿಸಿದರು. 1848ರಲ್ಲಿ ತೀರಿಕೊಂಡರು. ಮತ್ತೆ ಅವರು ಈ ನೆಲವನ್ನು ಕಾಣಲಿಲ್ಲ.

ಉಳಿದ ಗುರುತು

ತೋಳಿನಿಂದ ತೋಳಿಗೆ ದಾಟಿಸುವ ಪದ್ಧತಿ ಮುಂದೆ ನಿಂತುಹೋಗಿ, ಕರುವಿನ ಮೈಯಿಂದ ತೆಗೆದ ರಸ ಬಂದಿತು. ಆಮೇಲೆ ಕೆಡದಂತೆ ಒಣಗಿಸಿದ ಮದ್ದು ಬಂದಿತು. ದಾಕು ಹಾಕುವವನು ಊರಿಗೆ ಬಂದನೆಂದರೆ ಮಕ್ಕಳು ಅಟ್ಟದ ಮೇಲೆ, ಹುಲ್ಲಿನ ಮೆದೆಯ ಹಿಂದೆ ಅಡಗಿಕೊಳ್ಳುವುದು ಮಾತ್ರ ತಲೆಮಾರುಗಳವರೆಗೆ ನಡೆದುಬಂದಿತು. 1975ರಲ್ಲಿ ಭಾರತವು ಸಿಡುಬಿನ ಕೊನೆಯ ರೋಗಿಯನ್ನು ಕಂಡಿತು. 1980ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆ ಬೇನೆ ಭೂಮಿಯ ಮೇಲೆಯೇ ಇಲ್ಲವಾಯಿತೆಂದು ಸಾರಿತು. ಮನುಷ್ಯನು ಬೇರುಸಹಿತ ಕಿತ್ತುಹಾಕಿದ ಮನುಷ್ಯರೋಗ ಇದುವರೆಗೆ ಇದೊಂದೇ.

ಚಾಮರಾಜನಗರದಿಂದ ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಗೆ ಹೋಗುವ ಬಸ್ಸಿನಲ್ಲಿ ಇಂದು ಅಜ್ಜಿಯರೂ ಮೊಮ್ಮಕ್ಕಳೂ ಒಂದೇ ಆಸನದಲ್ಲಿ ಕುಳಿತಿರುತ್ತಾರೆ. ಅಜ್ಜಿಯ ತೋಳಿನ ಮೇಲೆ ರುಪಾಯಿಯಗಲದ, ನಡುವೆ ತಗ್ಗಾದ ಹಳೆಯ ಗುರುತು. ಮೊಮ್ಮಗುವಿನ ತೋಳಿನಲ್ಲಿ ಆ ಗುರುತಿಲ್ಲ. ಅದರ ಅಗತ್ಯವೇ ಉಳಿದಿಲ್ಲ. 'ಇದೇನಜ್ಜಿ?' ಎಂದು ಮಗು ಬೆರಳಿಟ್ಟು ಕೇಳಿದರೆ, 'ದಾಕು ಹಾಕಿದ್ದು ಕಣಪ್ಪ' ಎಂದು ಹೇಳಿ ಅಜ್ಜಿ ಸುಮ್ಮನಾಗುತ್ತಾಳೆ. ಯಾವುದೋ ಒಂದು ಎಂಟನೆಯ ದಿನ, ಜ್ವರದ ಮಗುವನ್ನೆತ್ತಿಕೊಂಡು ಮರದ ನೆರಳಿಗೆ ಮರಳಿ ಬಂದ ಒಬ್ಬ ತಾಯಿಯ ಹೆಸರು ಆಕೆಗೂ ಗೊತ್ತಿಲ್ಲ, ಯಾವ ದಾಖಲೆಯಲ್ಲಿಯೂ ಇಲ್ಲ. 25,432 ಎಂಬ ಅಂಕಿಯಲ್ಲಿ ಮಾತ್ರ ಆ ಮಗು ಸೇರಿದೆ.